ಆರು ಮಕ್ಕಳ ಬಳಗ

ಆಗಸ್ಟ್ 15ರ ಬೆಳಿಗ್ಗೆ ನಿಮ್ಮೂರಿನ ಶಾಲೆಯ ಮೈದಾನವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಧ್ವಜ ಏರಿದೆ. ಡ್ರಮ್ಮಿನ ಸದ್ದಿಗೆ ಮಕ್ಕಳು ಸಾಲುಸಾಲಾಗಿ ಹೆಜ್ಜೆ ಹಾಕುತ್ತಿದ್ದಾರೆ. ಆ ಸಾಲುಗಳ ತುದಿಯಲ್ಲಿ ತೀರ ಪುಟ್ಟವರ ಒಂದು ತಂಡ ಇರುತ್ತದೆ. ಕೊರಳಿಗೆ ಸ್ಕಾರ್ಫ್, ತಲೆಗೆ ಟೋಪಿ. ದೊಡ್ಡವರ ಹೆಜ್ಜೆಗೆ ಸರಿಗಟ್ಟಲು ಅರ್ಧ ನಡೆಯುತ್ತ, ಅರ್ಧ ಓಡುತ್ತ ಬರುತ್ತಾರೆ. ಗಂಡುಮಕ್ಕಳಾದರೆ ಅವರಿಗೆ ಕಬ್ ಎಂದು ಹೆಸರು. ಹೆಣ್ಣುಮಕ್ಕಳಾದರೆ ಬುಲ್‌ಬುಲ್. ನಾವು ಚಪ್ಪಾಳೆ ತಟ್ಟುತ್ತೇವೆ. ಎಷ್ಟು ಶಿಸ್ತು ನೋಡಿ ಎನ್ನುತ್ತೇವೆ. ಮನೆಗೆ ಹೋಗುತ್ತೇವೆ. ಕಬ್ ಎಂದರೆ ಸಮವಸ್ತ್ರ ತೊಟ್ಟು ಮೆರವಣಿಗೆ ಹೋಗುವುದು ಎಂಬ ಭಾವನೆ ನಮ್ಮಲ್ಲಿ ಉಳಿದುಬಿಡುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಆ ಮೈದಾನದಲ್ಲಿ ನಾವು ನೋಡುವುದು ಈ ಕಾರ್ಯಕ್ರಮದ ಅಂಗಿ ಮಾತ್ರ. ಅದರ ಜೀವ ಇರುವುದು ಆರು ಮಕ್ಕಳ ಒಂದು ಪುಟ್ಟ ಬಳಗದಲ್ಲಿ. ಆ ಬಳಗ ಸರಿಯಾಗಿ ನಡೆದರೆ ಉಳಿದದ್ದೆಲ್ಲ ತಾನಾಗಿ ನಡೆಯುತ್ತದೆ. ಅದು ಕೆಟ್ಟರೆ ಎಷ್ಟು ಚಂದದ ಸಮವಸ್ತ್ರ ಹೊಲಿಸಿದರೂ ಮಗುವಿಗೆ ಸಿಗುವುದು ಬಟ್ಟೆ ಮಾತ್ರ.

ಮೊದಲು ಲೆಕ್ಕ ಹೇಳುತ್ತೇನೆ. ನಮ್ಮ ದೇಶದಲ್ಲಿ ಈ ಕೆಲಸ ನಡೆಸುವ ದೊಡ್ಡ ಸಂಸ್ಥೆ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್. ಅದರಲ್ಲಿ ಹತ್ತು ವರ್ಷ ದಾಟಿದ ಹುಡುಗರು ಸ್ಕೌಟ್‌ಗಳು, ಹುಡುಗಿಯರು ಗೈಡ್‌ಗಳು. ಐದಾರು ವರ್ಷದಿಂದ ಹತ್ತು ವರ್ಷದವರೆಗಿನ ಮಕ್ಕಳು ಕಬ್‌ಗಳು, ಬುಲ್‌ಬುಲ್‌ಗಳು. ಕಬ್‌ಗಳ ಇಡೀ ತಂಡಕ್ಕೆ ಪ್ಯಾಕ್ ಎನ್ನುತ್ತಾರೆ, ಅಂದರೆ ತೋಳಗಳ ಹಿಂಡು. ಬುಲ್‌ಬುಲ್‌ಗಳ ತಂಡಕ್ಕೆ ಫ್ಲಾಕ್, ಅಂದರೆ ಹಕ್ಕಿಗಳ ಗುಂಪು. ಒಂದು ಪ್ಯಾಕ್ ಎಂದರೆ ಹೆಚ್ಚೆಂದರೆ 24 ಮಕ್ಕಳು. ಆ 24 ಮಕ್ಕಳನ್ನು ಆರಾರರಂತೆ ನಾಲ್ಕು ಭಾಗ ಮಾಡುತ್ತಾರೆ. ಪ್ರತಿ ಭಾಗಕ್ಕೂ ಸಿಕ್ಸ್ ಎಂದೇ ಹೆಸರು. ಕಬ್‌ಗಳಲ್ಲಿ ಒಂದು ಸಿಕ್ಸ್ ಕೆಂಪು, ಇನ್ನೊಂದು ನೀಲಿ, ಮತ್ತೊಂದು ಹಸಿರು, ಹೀಗೆ ಬಣ್ಣಗಳಿಂದ ಗುರುತು. ಆ ಆರು ಮಕ್ಕಳಲ್ಲಿ ಒಬ್ಬ ನಾಯಕ. ಅವನಿಗೆ ಸಿಕ್ಸರ್ ಎನ್ನುತ್ತಾರೆ. ಅವನಿಗೊಬ್ಬ ಸಹಾಯಕ. ನಾಯಕ ಎಂದೆನಲ್ಲ, ಅವನ ವಯಸ್ಸು ಎಂಟೋ ಒಂಬತ್ತೋ. ಅವನ ಪಕ್ಕದಲ್ಲಿ ಕೂತವನಿಗೆ ಇನ್ನೂ ಆರು. ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ನಮ್ಮ ಶಾಲೆಗಳು ಮಕ್ಕಳನ್ನು ವಯಸ್ಸಿನ ಪ್ರಕಾರ ಬೇರೆ ಮಾಡುತ್ತವೆ. ಆರು ವರ್ಷದವರ ಜೊತೆ ಆರು ವರ್ಷದವರು, ಒಂಬತ್ತರವರ ಜೊತೆ ಒಂಬತ್ತರವರು. ಹಿಂದೆ ಕೂಡುಕುಟುಂಬದ ಮನೆಯಲ್ಲಿ ಹಾಗಿರಲಿಲ್ಲ. ಅಣ್ಣನ ಕೈಹಿಡಿದು ತಮ್ಮ ನಡೆಯುತ್ತಿದ್ದ. ದೊಡ್ಡಪ್ಪನ ಮಗಳು ಚಿಕ್ಕಪ್ಪನ ಮಗಳಿಗೆ ಜಡೆ ಹಾಕುತ್ತಿದ್ದಳು. ಈಗ ಬಹಳ ಮನೆಗಳಲ್ಲಿ ಒಂದೇ ಮಗು. ತನಗಿಂತ ಚಿಕ್ಕವರನ್ನು ನೋಡಿಕೊಳ್ಳುವ ಅವಕಾಶವೇ ಆ ಮಗುವಿಗೆ ಇಲ್ಲ. ಸಿಕ್ಸ್ ಎಂಬ ಈ ಬಳಗ ಆ ಅವಕಾಶವನ್ನು ವಾರಕ್ಕೊಮ್ಮೆ ಮಗುವಿನ ಕೈಗೆ ಕೊಡುತ್ತದೆ.

ಆರೇ ಏಕೆ? ಇದಕ್ಕೆ ಮಂತ್ರ ತಂತ್ರದ ಉತ್ತರವೇನೂ ಇಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಅಂಜುಬುರುಕ ಮಗು ಹಿಂದಿನ ಬೆಂಚಿಗೆ ಸರಿದುಬಿಡಬಹುದು. ಇಡೀ ವರ್ಷ ಬಾಯಿ ಬಿಡದೆ ಮುಂದಿನ ತರಗತಿಗೆ ಹೋಗಿಬಿಡಬಹುದು. ಆರು ಜನ ಸುತ್ತ ಕೂತರೆ ಹಿಂದಿನ ಬೆಂಚು ಎಂಬುದೇ ಇರುವುದಿಲ್ಲ. ಒಬ್ಬ ಬಾರದಿದ್ದರೆ ಐವರಿಗೂ ಗೊತ್ತಾಗುತ್ತದೆ. ಇನ್ನೊಂದು ಕಡೆಯಿಂದಲೂ ನೋಡಿ. ಎಂಟು ವರ್ಷದ ಮಗುವಿಗೆ ಇಪ್ಪತ್ತು ಮಕ್ಕಳನ್ನು ಒಪ್ಪಿಸಿದರೆ ಅದು ಕಿರುಚುತ್ತದೆ, ಇಲ್ಲವೇ ಅಳುತ್ತದೆ. ಐವರನ್ನು ಒಪ್ಪಿಸಿದರೆ ಐವರ ಹೆಸರನ್ನೂ ನೆನಪಿಟ್ಟುಕೊಳ್ಳುತ್ತದೆ. ಯಾರ ಉಗುರು ಬೆಳೆದಿದೆ, ಯಾರಿಗೆ ಇನ್ನೂ ಗಂಟು ಕಟ್ಟಲು ಬಾರದು, ಯಾರು ಬೇಗ ಮುನಿಸಿಕೊಳ್ಳುತ್ತಾರೆ, ಎಲ್ಲವನ್ನೂ ತಿಳಿದುಕೊಳ್ಳುತ್ತದೆ. ಮಗುವಿನ ಅಳತೆಗೆ ಹೊಂದುವ ಜವಾಬ್ದಾರಿ ಎಂದರೆ ಇದು. ಹೆಗಲಿಗೆ ತಕ್ಕ ಹೊರೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಇಲ್ಲಿಯವರೆಗೆ ಬಳಗದ ಲೆಕ್ಕ ಕೇಳಿದಿರಿ. 24 ಮಕ್ಕಳು, ನಾಲ್ಕು ಸಿಕ್ಸ್, ಪ್ರತಿ ಸಿಕ್ಸಿಗೆ ಒಬ್ಬ ಪುಟ್ಟ ನಾಯಕ. ಈಗ ಇದು ಎಲ್ಲಿಂದ ಬಂತು ನೋಡೋಣ. ಸ್ಕೌಟ್ ಚಳವಳಿಯ ಮೊದಲ ಶಿಬಿರ ನಡೆದದ್ದು 1907ರಲ್ಲಿ, ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ. ನಡೆಸಿದವರು ಬೇಡನ್ ಪೊವೆಲ್. ಬಂದಿದ್ದವರು ಇಪ್ಪತ್ತು ಚಿಲ್ಲರೆ ಹುಡುಗರು. ಮರುವರ್ಷ ಅವರ ಪುಸ್ತಕ ಬಂತು. ಊರೂರಲ್ಲಿ ಸ್ಕೌಟ್ ದಳಗಳು ಹುಟ್ಟಿಕೊಂಡವು. ಅಣ್ಣಂದಿರು ಕೋಲು ಹಿಡಿದು ಕಾಡಿಗೆ ಹೊರಟಾಗ ತಮ್ಮಂದಿರು ಸುಮ್ಮನಿರುತ್ತಾರೆಯೇ? ನಾವೂ ಬರುತ್ತೇವೆ ಎಂದರು. ಸುಲಭದ ದಾರಿ ಒಂದಿತ್ತು. ಅದೇ ಸಮವಸ್ತ್ರವನ್ನು ಚಿಕ್ಕದಾಗಿ ಹೊಲಿಸುವುದು, ಅದೇ ಪರೀಕ್ಷೆಗಳನ್ನು ಸ್ವಲ್ಪ ಸಡಿಲ ಮಾಡುವುದು. ಬೇಡನ್ ಪೊವೆಲ್ ಆ ದಾರಿ ಹಿಡಿಯಲಿಲ್ಲ. 1914ರಲ್ಲಿ ಒಂದು ಪ್ರಯೋಗ ಮಾಡಿದರು. 1916ರಲ್ಲಿ ಚಿಕ್ಕವರಿಗೆಂದೇ ಬೇರೆ ಕೈಪಿಡಿ ಹೊರತಂದರು. ಆ ಕೆಲಸದಲ್ಲಿ ಅವರಿಗೆ ಹೆಗಲು ಕೊಟ್ಟವರು ವೆರಾ ಬಾರ್ಕ್ಲೇ ಎಂಬ ಮಹಿಳೆ. ಪುಟ್ಟ ಹುಡುಗರ ತಂಡವನ್ನು ಸ್ವತಃ ನಡೆಸಿ ಬಲ್ಲವರು. ಪುಟ್ಟ ಮಗು ದೊಡ್ಡ ಹುಡುಗನ ಚಿಕ್ಕ ಪ್ರತಿ ಅಲ್ಲ, ಅದರ ಮನಸ್ಸೇ ಬೇರೆ ಎಂದು ಇಬ್ಬರೂ ಕಂಡುಕೊಂಡರು. ದೊಡ್ಡವನಿಗೆ ಸಾಹಸ ಬೇಕು. ಚಿಕ್ಕವನಿಗೆ ಕಥೆ ಬೇಕು. ಹಾಗಾಗಿ ಇಡೀ ಕಾರ್ಯಕ್ರಮವನ್ನು ಒಂದು ಕಥೆಯೊಳಗೆ ಇಟ್ಟರು.

ಆ ಕಥೆ ನಮ್ಮ ನೆಲದ್ದು. ರುಡ್ಯಾರ್ಡ್ ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ಜಂಗಲ್ ಬುಕ್. ಕಥೆ ನಡೆಯುವುದು ಇಂದಿನ ಮಧ್ಯಪ್ರದೇಶದ ಸಿವನಿ ಬೆಟ್ಟಗಳಲ್ಲಿ. ತೋಳಗಳು ಸಾಕಿದ ಹುಡುಗ ಮೋಗ್ಲಿ. ಹಿಂಡಿನ ಹಿರಿಯ ತೋಳ ಅಕೇಲಾ. ಕಾಡಿನ ಕಟ್ಟಳೆ ಕಲಿಸುವ ಕರಡಿ ಬಾಲೂ. ಅಕೇಲಾ ಎಂಬುದು ಹಿಂದಿಯ ಮಾತು, ಒಂಟಿ ಎಂದು ಅರ್ಥ. ಭಾಲು ಎಂದರೆ ಹಿಂದಿಯಲ್ಲಿ ಕರಡಿಯೇ. ನಮ್ಮ ದೇಶದ ಈ ಮಾತುಗಳು ಇಂಗ್ಲೆಂಡಿನ ಮಕ್ಕಳ ಬಾಯಿಗೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಮಕ್ಕಳ ಬಾಯಿಗೆ ಬಂದವು. ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಂಗ್ಲೆಂಡಿನಲ್ಲಿ ಪುಟ್ಟ ಹುಡುಗಿಯರಿಗೆ ಅಲ್ಲಿನ ಜನಪದದ ಕುಳ್ಳ ಯಕ್ಷರ ಹೆಸರು ಇಟ್ಟಿದ್ದರು, ಬ್ರೌನಿ ಎಂದು. ನಮ್ಮಲ್ಲಿ ಅದನ್ನು ಬಿಟ್ಟು ಹಕ್ಕಿಯ ಹೆಸರಿಟ್ಟರು. ಬುಲ್‌ಬುಲ್ ಎಂದರೆ ನಮ್ಮ ಪಿಕಳಾರ. ತಲೆಯ ಮೇಲೆ ಚೂಪಾದ ಜುಟ್ಟು, ಬಾಲದ ಬುಡದಲ್ಲಿ ಕೆಂಪು, ಬೇಲಿಯ ಮೇಲೆ ಕೂತು ದಿನವಿಡೀ ಮಾತಾಡುವ ಹಕ್ಕಿ. ಬುಲ್‌ಬುಲ್‌ಗಳಿಗೆ ಮೋಗ್ಲಿಯ ಬದಲು ತಾರಾ ಎಂಬ ಹುಡುಗಿಯ ಕಥೆ ಇದೆ. ಗುಹೆ, ಬಂಡೆಗಳ ಬದಲು ಬುಲ್‌ಬುಲ್ ಮರ ಇದೆ. ಕಥೆ ಬದಲಾಯಿತು, ಆರರ ಬಳಗ ಹಾಗೇ ಉಳಿಯಿತು. ಏಕೆಂದರೆ ಕಥೆ ಹೊದಿಕೆ, ಬಳಗ ಒಳಗಿನ ಕಟ್ಟು.

ಬಳಗದ ಲೆಕ್ಕವಾಯಿತು, ಅದರ ಹಿಂದಿನ ಕಥೆಯಾಯಿತು. ಇನ್ನು ಅದು ಕೆಲಸ ಮಾಡುವ ರೀತಿ. ಶಾಲೆ ಬಿಟ್ಟ ಮೇಲೆ ವಾರಕ್ಕೊಮ್ಮೆ ಸುಮಾರು ಒಂದು ಗಂಟೆ ಪ್ಯಾಕ್ ಸೇರುತ್ತದೆ. ಬನ್ನಿ, ಮರದ ನೆರಳಿನಲ್ಲಿ ನಿಂತು ಕೇಳಿಸಿಕೊಳ್ಳೋಣ. ಮಕ್ಕಳು ಸಾಲಾಗಿ ನಿಲ್ಲುವುದಿಲ್ಲ. ದುಂಡಗೆ ನಿಲ್ಲುತ್ತಾರೆ. ದುಂಡಗೆ ನಿಂತಾಗ ಮೊದಲನೆಯವ ಇಲ್ಲ, ಕೊನೆಯವ ಇಲ್ಲ, ಎಲ್ಲರಿಗೂ ಎಲ್ಲರ ಮುಖ ಕಾಣುತ್ತದೆ. ನಡುವೆ ಪ್ಯಾಕ್ ನಡೆಸುವ ಹಿರಿಯರು, ಕಬ್ ಮಾಸ್ಟರ್. ಮಕ್ಕಳಿಗೆ ಅವರೇ ಅಕೇಲಾ. ಹುಡುಗರು ಕುಕ್ಕುರುಗಾಲಿನಲ್ಲಿ ಕೂತು, ಎರಡು ಕೈಯ ಬೆರಳುಗಳನ್ನು ಪಾದಗಳ ನಡುವೆ ನೆಲಕ್ಕೆ ಊರುತ್ತಾರೆ. ತೋಳದ ಮರಿಗಳು ಕೂತ ಹಾಗೆ. ತಲೆ ಎತ್ತಿ ಅಕೇಲಾ ಎಂದು ಒಂದೇ ದನಿಯಲ್ಲಿ ಕೂಗುತ್ತಾರೆ. ಕೈಲಾದಷ್ಟು ಮಾಡುತ್ತೇವೆ ಎಂದು ಸಾರಿ ಒಮ್ಮೆಗೇ ಜಿಗಿದು ಏಳುತ್ತಾರೆ. ಇದಕ್ಕೆ ಗ್ರ್ಯಾಂಡ್ ಹೌಲ್ ಎಂದು ಹೆಸರು, ಹಿಂಡಿನ ಮಹಾ ಕೂಗು. ದಿನವಿಡೀ ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂತ ಮಗುವಿಗೆ ಗಂಟಲು ತುಂಬ ಕೂಗಲು ಅನುಮತಿ ಕೊಡುವುದು ಎಂಥ ಒಳ್ಳೆಯ ಆರಂಭ! ಕೂಗು ಮುಗಿದ ಮೇಲೆ ಸಿಕ್ಸರ್ ತನ್ನ ಬಳಗದ ಕೈ ನೋಡುತ್ತಾನೆ. ಉಗುರು, ಹಲ್ಲು, ಸ್ಕಾರ್ಫಿನ ಮಡಿಕೆ. ಗಮನಿಸಿ, ನೋಡುವವನು ಮೇಷ್ಟರಲ್ಲ, ಎಂಟು ವರ್ಷದ ಗೆಳೆಯ. ಪಕ್ಕದವನ ಉಗುರು ನೋಡಬೇಕಾದರೆ ಮೊದಲು ತನ್ನ ಉಗುರು ಕತ್ತರಿಸಿಕೊಂಡಿರಬೇಕು. ಸ್ವಚ್ಛತೆಯ ಪಾಠ ಅಲ್ಲಿಗೆ ಮುಗಿಯಿತು.

ಆಮೇಲೆ ಆಟ. ಒಂದು ಆಟವನ್ನು ಹತ್ತಿರದಿಂದ ಹೇಳುತ್ತೇನೆ. ಇದಕ್ಕೆ ಕಿಮ್ ಆಟ ಎಂದು ಹೆಸರು, ಕಿಪ್ಲಿಂಗ್‌ನ ಇನ್ನೊಂದು ಪುಸ್ತಕದಿಂದ ಬಂದದ್ದು. ಒಂದು ತಟ್ಟೆ. ಅದರ ಮೇಲೆ ಇಪ್ಪತ್ತು ಚಿಲ್ಲರೆ ಸಾಮಾನು. ಒಂದು ಬೀಗದ ಕೈ, ಅಂಗಿಯ ಗುಂಡಿ, ಸೀಮೆಸುಣ್ಣದ ಚೂರು, ಹುಣಸೆಬೀಜ, ನೂಲಿನ ಉಂಡೆ, ಒಂದು ರೂಪಾಯಿ, ಬೇವಿನ ಎಲೆ, ಬಳೆಯ ಚೂರು. ಮೇಲೆ ಒಂದು ಬಟ್ಟೆ. ಬಟ್ಟೆ ತೆಗೆದರೆ ಒಂದು ನಿಮಿಷ ನೋಡಬಹುದು. ಮತ್ತೆ ಮುಚ್ಚುತ್ತಾರೆ. ಈಗ ಪ್ರತಿ ಸಿಕ್ಸೂ ಮೂಲೆಗೆ ಸರಿದು ನೆನಪಿದ್ದಷ್ಟು ಪಟ್ಟಿ ಮಾಡಬೇಕು. ಅಂಕ ಒಬ್ಬೊಬ್ಬರಿಗಲ್ಲ, ಆರು ಜನರಿಗೂ ಸೇರಿ. ಓದಿನಲ್ಲಿ ಮುಂದಿರುವ ಹುಡುಗ ಪಟಪಟ ಹನ್ನೆರಡು ಹೇಳಿ ನಿಲ್ಲುತ್ತಾನೆ. ಒಬ್ಬ ಬಣ್ಣದಿಂದ ನೆನಪಿಸಿಕೊಳ್ಳುತ್ತಾನೆ. ಇನ್ನೊಬ್ಬ ತಟ್ಟೆಯ ಅಂಚಿನಿಂದ ಸುತ್ತು ಬರುತ್ತಾನೆ. ಕೊನೆಗೆ ಯಾರಿಗೂ ಹೊಳೆಯದ ಒಂದೆರಡು ಉಳಿಯುತ್ತವೆ. ಆಗ ಇಷ್ಟು ಹೊತ್ತು ಸುಮ್ಮನಿದ್ದ ಆರು ವರ್ಷದವನು ಮೆಲ್ಲಗೆ ಬೇವಿನ ಎಲೆ ಎಂದರೆ ಸಾಕು. ಉಳಿದ ಐವರು ಅವನ ಕಡೆ ತಿರುಗುತ್ತಾರೆ. ಅವನ ಬೆನ್ನು ನೆಟ್ಟಗಾಗುತ್ತದೆ. ಈ ಆಟ ನೆನಪಿನ ಶಕ್ತಿ ಬೆಳೆಸುತ್ತದೆ ಎಂದು ಕೈಪಿಡಿಗಳು ಹೇಳುತ್ತವೆ. ನಿಜವೇ. ಆದರೆ ನನ್ನ ಮಟ್ಟಿಗೆ ದೊಡ್ಡ ಫಲ ಬೇರೆ. ಚುರುಕಾದವನಿಗೆ ತನ್ನ ಹನ್ನೆರಡು ಸಾಲದು ಎಂದು ಗೊತ್ತಾಗುತ್ತದೆ, ಮಂದವೆನಿಸಿಕೊಂಡವನಿಗೆ ತನ್ನ ಒಂದು ಬೇಕಾಗಿತ್ತು ಎಂದು ಗೊತ್ತಾಗುತ್ತದೆ. ಯಾರೂ ಭಾಷಣ ಮಾಡದೆ ಈ ಎರಡೂ ತಿಳಿಯುತ್ತವೆ.

ಬಳಗ, ಕಥೆ, ಆಟ ಮೂರನ್ನೂ ಕಂಡೆವು. ಇನ್ನು ಕಲಿಕೆಯ ಮೆಟ್ಟಿಲುಗಳು. ಮೊದಲು ಪ್ರವೇಶ. ಆಮೇಲೆ ಕಬ್‌ಗಳಿಗೆ ಪ್ರಥಮ ಚರಣ, ದ್ವಿತೀಯ ಚರಣ, ಹೀಗೆ. ಬುಲ್‌ಬುಲ್‌ಗಳಿಗೆ ರೆಕ್ಕೆಗಳ ಹೆಸರು: ಕೋಮಲ ಪಂಖ, ರಜತ ಪಂಖ, ಸ್ವರ್ಣ ಪಂಖ, ಹೀರಕ ಪಂಖ. ಈ ಮೆಟ್ಟಿಲುಗಳಲ್ಲಿ ಇರುವುದು ಸಾಮಾನ್ಯ ಸಂಗತಿಗಳೇ. ಕೈ, ಕಾಲು, ಹಲ್ಲು ಸ್ವಚ್ಛವಾಗಿ ಇಟ್ಟುಕೊಳ್ಳುವುದು ಹೇಗೆ, ಏಕೆ. ಕಪ್ಪೆಯ ಹಾಗೆ ಜಿಗಿಯುವುದು. ಚೆಂಡು ಎಸೆದು ಹಿಡಿಯುವುದು. ಸಣ್ಣ ಗಾಯಕ್ಕೆ ಪಟ್ಟಿ ಕಟ್ಟುವುದು. ಗಂಟು ಹಾಕುವುದು. ಮೊದಲು ಕಲಿಯುವ ಗಂಟಿಗೆ ರೀಫ್ ನಾಟ್ ಎಂದು ಹೆಸರು. ಕೈಯಲ್ಲಿ ಎರಡು ದಾರದ ತುದಿ ಹಿಡಿದುಕೊಂಡಿದ್ದೀರಿ ಎಂದುಕೊಳ್ಳಿ. ಬಲಗೈ ತುದಿಯನ್ನು ಎಡಗೈ ತುದಿಯ ಮೇಲೆ ಹಾಯಿಸಿ ಸುತ್ತಿ. ಈಗ ಎಡಕ್ಕೆ ಬಂದ ಅದೇ ತುದಿಯನ್ನು ಬಲದ ತುದಿಯ ಮೇಲೆ ಹಾಯಿಸಿ ಸುತ್ತಿ. ಎಳೆಯಿರಿ. ಗಂಟು ಚಪ್ಪಟೆಯಾಗಿ ಕೂರುತ್ತದೆ. ಬ್ಯಾಂಡೇಜಿಗೆ ಕಟ್ಟಿದರೆ ಒತ್ತುವುದಿಲ್ಲ, ಬೇಕೆಂದಾಗ ಬಿಚ್ಚಬಹುದು. ಎರಡು ಸಲವೂ ಒಂದೇ ಕಡೆಯಿಂದ ಸುತ್ತಿದರೆ ಅದು ಓರೆಯಾಗಿ ನಿಂತು ಜಾರುತ್ತದೆ. ಏಳು ವರ್ಷದ ಮಗು ಇದನ್ನು ಹತ್ತು ಸಲ ತಪ್ಪು ಮಾಡುತ್ತದೆ. ಪಕ್ಕದಲ್ಲಿ ಕೂತು ಹನ್ನೊಂದನೆಯ ಸಲ ತೋರಿಸುವವನು ಸಿಕ್ಸರ್, ಹೋದ ವರ್ಷ ತಾನೂ ಹೀಗೇ ತಪ್ಪು ಮಾಡಿದವನು. ತಪ್ಪು ಎಲ್ಲಿ ಆಗುತ್ತದೆ ಎಂಬುದು ದೊಡ್ಡವರಿಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಇಲ್ಲಿ ಕಬ್‌ನ ಧ್ಯೇಯವಾಕ್ಯದ ಬಗ್ಗೆ ಒಂದು ಮಾತು. ಸ್ಕೌಟ್‌ಗೆ ಸದಾ ಸಿದ್ಧನಾಗಿರು ಎಂದು ಹೇಳುತ್ತಾರೆ. ಕಬ್‌ಗೆ ಹೇಳುವುದು ಅಷ್ಟು ದೊಡ್ಡ ಮಾತಲ್ಲ. ಕೈಲಾದಷ್ಟು ಮಾಡು ಎಂಬುದು ಅದರ ತಾತ್ಪರ್ಯ. ನಾವು ಕನ್ನಡದಲ್ಲಿ ಈ ಮಾತನ್ನು ಯಾವಾಗ ಆಡುತ್ತೇವೆ ಯೋಚಿಸಿ. ಕೆಲಸ ಕೆಟ್ಟ ಮೇಲೆ ಆಡುತ್ತೇವೆ. ನನ್ನ ಕೈಲಾದಷ್ಟು ಮಾಡಿದೆ, ಇನ್ನೇನು ಮಾಡಲಿ ಎನ್ನುತ್ತೇವೆ. ಅದು ನಮಗೆ ಕೊನೆಯಲ್ಲಿ ಬರುವ ಸಮಾಧಾನ. ಕಬ್‌ಗೆ ಅದು ಮೊದಲು ಬರುವ ಮಾತು. ಕೆಲಸಕ್ಕೆ ಕೈ ಹಾಕುವ ಮುಂಚೆ ಕೊಡುವ ಮಾತು. ಈ ಅಳತೆಯಲ್ಲಿ ಒಂದು ಮಗುವನ್ನು ಇನ್ನೊಂದರ ಪಕ್ಕ ನಿಲ್ಲಿಸಿ ನೋಡುವುದಿಲ್ಲ. ನಿನ್ನೆ ಮೂರು ಮಾರು ದೂರ ಚೆಂಡು ಎಸೆದವನು ಇವತ್ತು ನಾಲ್ಕು ಮಾರು ಎಸೆದರೆ ಅವನು ಗೆದ್ದ. ಕಾಲು ಸರಿಯಿಲ್ಲದ ಮಗುವಿಗೂ, ಮಾತು ತಡವರಿಸುವ ಮಗುವಿಗೂ ಈ ಅಳತೆಯಲ್ಲಿ ಜಾಗ ಇದೆ. ರ‍್ಯಾಂಕಿನ ಪಟ್ಟಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ವಾರದಲ್ಲಿ ಒಂದು ಗಂಟೆಯಾದರೂ ಈ ಅಳತೆ ಸಿಗಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಕೇಳುಗರೇ, ಬಳಗ ಹೇಗೆ ನಡೆಯುತ್ತದೆ ಎಂದು ಹೇಳಿದ್ದಾಯಿತು. ಈಗ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಎದ್ದಿರಬಹುದಾದ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು, ಇದು ಬ್ರಿಟಿಷರು ತಂದ ಸಿಪಾಯಿ ಪದ್ಧತಿ ಅಲ್ಲವೇ ಎಂಬುದು. ಪ್ರಶ್ನೆ ನ್ಯಾಯವಾದದ್ದು. ಬೇಡನ್ ಪೊವೆಲ್ ಸೈನ್ಯಾಧಿಕಾರಿ. ಭಾರತದಲ್ಲಿ ಮೊದಲ ಸ್ಕೌಟ್ ದಳ ಕಟ್ಟಿದ್ದೂ ಒಬ್ಬ ಕ್ಯಾಪ್ಟನ್, ಟಿ. ಎಚ್. ಬೇಕರ್. ಕಟ್ಟಿದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲೇ, ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ. ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಾಗಿ ಇತ್ತು. ಭಾರತೀಯ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಇದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಮುಂದೇನಾಯಿತು ಎಂಬುದನ್ನೂ ನೋಡಬೇಕು. ಬಾಗಿಲು ಮುಚ್ಚಿದ್ದನ್ನು ಕಂಡ ನಮ್ಮವರು ತಮ್ಮದೇ ಮನೆ ಕಟ್ಟಿದರು. ಮುಂದಿನ ದಶಕದಲ್ಲಿ ಮದರಾಸಿನಲ್ಲಿ ಆ್ಯನಿ ಬೆಸೆಂಟರು ಭಾರತೀಯ ಮಕ್ಕಳಿಗೆ ಬೇರೆ ಸಂಘ ಕಟ್ಟಿದರು. ಅಲಹಾಬಾದಿನಲ್ಲಿ ಮದನಮೋಹನ ಮಾಲವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರು ಸೇವಾ ಸಮಿತಿಯ ಹೆಸರಿನಲ್ಲಿ ಇನ್ನೊಂದನ್ನು ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು ಬೇರೆಬೇರೆ ಸಂಘಗಳು ಒಂದಾದವು. ಮರುವರ್ಷ ಹೆಣ್ಣುಮಕ್ಕಳ ಗೈಡ್ ಸಂಘವೂ ಬಂದು ಸೇರಿತು. ರಾಷ್ಟ್ರೀಯ ಚಳವಳಿಯ ಒಳಗೇ ಇದ್ದವರು ಬ್ರಿಟಿಷರ ಅಹಂಕಾರವನ್ನು ತಿರಸ್ಕರಿಸಿದರು, ಆರು ಮಕ್ಕಳ ಬಳಗವನ್ನು ಉಳಿಸಿಕೊಂಡರು. ಸಿಪಾಯಿತನದ ಮಾತಿಗೆ ಬಂದರೆ, ಸೈನ್ಯದಲ್ಲಿ ಆಜ್ಞೆ ಮೇಲಿನಿಂದ ಕೆಳಗೆ ಬರುತ್ತದೆ. ದುಂಡಗೆ ಕೂತು ಬೇವಿನ ಎಲೆ ನೆನಪಿಸಿಕೊಳ್ಳುವ ಆಟದಲ್ಲಿ ಆಜ್ಞೆ ಎಲ್ಲಿದೆ? ಎಲ್ಲಿ ಕಬ್‌ಗಳಿಗೆ ಮೆರವಣಿಗೆಯ ತಾಲೀಮು ಮಾತ್ರ ಕೊಡುತ್ತಾರೋ ಅಲ್ಲಿ ಆಕ್ಷೇಪ ಸರಿ. ಅಲ್ಲಿ ಬಳಗವೇ ಇಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕಬ್ ಒಂದು ಪ್ರತಿಜ್ಞೆ ಮಾಡುತ್ತಾನೆ. ದೇವರಿಗೆ, ದೇಶಕ್ಕೆ ಕರ್ತವ್ಯ ಸಲ್ಲಿಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆ, ನಿಯಮ ಪಾಲಿಸುತ್ತೇನೆ, ದಿನಕ್ಕೊಂದು ಒಳ್ಳೆಯ ಕೆಲಸ ಮಾಡುತ್ತೇನೆ ಎಂದು. ದೇವರು ಎಂಬ ಮಾತು ಒಪ್ಪದ ಮನೆಯ ಮಗು ಅದರ ಬದಲು ಧರ್ಮ ಎನ್ನಬಹುದು, ಅದಕ್ಕೆ ಅವಕಾಶ ಇದೆ. ನಿಯಮಗಳು ಎರಡೇ. ಹಿರಿಯರ ಮಾತಿಗೆ ಬೆಲೆ ಕೊಡುವುದು ಒಂದು. ಸ್ವಚ್ಛವಾಗಿ, ವಿನಯದಿಂದ ಇರುವುದು ಇನ್ನೊಂದು. ಹಿರಿಯರು ಹೇಳಿದ್ದಕ್ಕೆಲ್ಲ ತಲೆಬಾಗು ಎಂದು ಮಗುವಿಗೆ ಕಲಿಸುವುದು ಈ ಕಾಲದಲ್ಲಿ ಅಪಾಯವಲ್ಲವೇ ಎಂದು ತಾಯಂದಿರು ಕೇಳಿದರೆ, ಅವರು ಕೇಳುವುದು ಸರಿ. ಕೇಳಲೇಬೇಕು. ಮಗುವಿಗೆ ಕೇಡು ಬಗೆಯುವವರು ಬಹಳ ಸಲ ಅದು ನಂಬಿದ ಹಿರಿಯರೇ ಆಗಿರುತ್ತಾರೆ. ಹಾಗಾಗಿ ಈ ನಿಯಮವನ್ನು ಬರಿದೇ ಬಾಯಿಪಾಠ ಮಾಡಿಸಬಾರದು. ಕಾಡಿನ ಕಥೆಯಲ್ಲೇ ಇದಕ್ಕೆ ವಿವರಣೆ ಇದೆ. ತೋಳದ ಮರಿಗಳು ಬಾಲೂ ಮಾತು ಕೇಳುವುದು ಅವನು ದೊಡ್ಡವನೆಂದಲ್ಲ, ಅವನಿಗೆ ಕಾಡಿನ ದಾರಿ ಗೊತ್ತಿದೆ ಎಂದು. ಹುಲಿ ಶೇರ್‌ಖಾನ್ ಬಾಲೂವಿಗಿಂತ ಜೋರಿನವನು. ಆದರೂ ಹಿಂಡು ಅವನ ಮಾತು ಕೇಳಬಾರದು. ಯಾವ ಹಿರಿಯರ ಮಾತು ಕೇಳಬೇಕು, ಯಾರಿಗೆ ಒಲ್ಲೆ ಎಂದು ಕೂಗಬೇಕು ಎಂಬುದನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಕಥೆ ಬೇಡ. ವಿಶ್ವ ಸ್ಕೌಟ್ ಸಂಸ್ಥೆ ಮಕ್ಕಳ ಸುರಕ್ಷತೆಗೆಂದೇ ಬೇರೆ ನೀತಿ ಮಾಡಿದೆ. ಪ್ಯಾಕ್ ಸೇರುವ ಜಾಗ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು. ಒಬ್ಬರೇ ದೊಡ್ಡವರ ಜೊತೆ ಒಂದೇ ಮಗು ಇರುವ ಸಂದರ್ಭ ಬರಬಾರದು. ಇಲ್ಲೂ ಬಳಗವೇ ಕಾವಲು. ಆರು ಮಕ್ಕಳು ಒಟ್ಟಿಗೆ ಬರುತ್ತಾರೆ, ಒಟ್ಟಿಗೆ ಹೋಗುತ್ತಾರೆ.

ಬ್ರಿಟಿಷರ ಪದ್ಧತಿ ಎಂಬ ಆಕ್ಷೇಪ, ಪ್ರತಿಜ್ಞೆಯ ಬಗೆಗಿನ ಆಕ್ಷೇಪ, ಎರಡನ್ನೂ ನೋಡಿದೆವು. ಮೂರನೆಯದು ನಮ್ಮ ಊರುಗಳಲ್ಲಿ ದಿನವೂ ಕಾಣುವಂಥದ್ದು. ಇದೆಲ್ಲ ಸರ್ಟಿಫಿಕೇಟಿಗಾಗಿ ಅಲ್ಲವೇ? ಕಬ್‌ಗಳಿಗೂ ಬುಲ್‌ಬುಲ್‌ಗಳಿಗೂ ರಾಷ್ಟ್ರಮಟ್ಟದ ಗೋಲ್ಡನ್ ಆ್ಯರೋ ಪ್ರಶಸ್ತಿ ಇದೆ, ಅಂದರೆ ಚಿನ್ನದ ಬಾಣ. ಒಳ್ಳೆಯ ಗುರಿ. ಆದರೆ ವರ್ಷಗಟ್ಟಲೆ ನಿಧಾನವಾಗಿ ಹತ್ತಬೇಕಾದ ಮೆಟ್ಟಿಲುಗಳನ್ನು ಕೊನೆಯ ಮೂರು ತಿಂಗಳಲ್ಲಿ ಹತ್ತಿಸುವ ಅವಸರ ಕೆಲವು ಕಡೆ ಕಾಣುತ್ತದೆ. ಗಂಟು ಕಟ್ಟಲು ಬಾರದ ಮಗುವಿನ ಪುಸ್ತಕದಲ್ಲಿ ಗಂಟು ಬರುತ್ತದೆ ಎಂದು ಸಹಿ ಬೀಳುತ್ತದೆ. ಇದು ತಪ್ಪು. ಮಗುವಿಗೆ ಅಲ್ಲಿ ಕಲಿಸಿದ್ದು ಸುಳ್ಳನ್ನು. ಈ ತಪ್ಪಿನ ಬೇರು ಬಹಳ ಸಲ ಸಂಖ್ಯೆಯಲ್ಲಿ ಇರುತ್ತದೆ. ಒಬ್ಬ ಶಿಕ್ಷಕಿಗೆ ಪಾಠ, ಬಿಸಿಯೂಟದ ಲೆಕ್ಕ, ಗಣತಿಯ ಕೆಲಸ ಎಲ್ಲ ಇರುವುದರ ಮೇಲೆ ಅರವತ್ತು ಕಬ್‌ಗಳನ್ನು ಒಪ್ಪಿಸುತ್ತಾರೆ. ಅರವತ್ತು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಬಹುದು, ಒಬ್ಬೊಬ್ಬರ ಗಂಟು ನೋಡಲಾಗದು. 24 ದಾಟಿದರೆ ಇನ್ನೊಂದು ಪ್ಯಾಕ್ ಕಟ್ಟಬೇಕು. ಅದಕ್ಕೆ ಇನ್ನೊಬ್ಬರು ಬೇಕು. ಅವರಿಗೆ ತರಬೇತಿ ಬೇಕು. ಮೂಲ ತರಬೇತಿಗೆ ಬೇಕಾಗುವುದು ಸುಮಾರು ಒಂದು ವಾರ. ದಾವಣಗೆರೆ ಬಳಿಯ ಕೊಂಡಜ್ಜಿ, ಬೆಂಗಳೂರು ಬಳಿಯ ದೊಡ್ಡಬಳ್ಳಾಪುರ, ಹೀಗೆ ನಮ್ಮಲ್ಲಿ ಶಿಬಿರದ ಜಾಗಗಳೂ ಇವೆ. ಊರಿನಲ್ಲಿ ನಿವೃತ್ತರಿದ್ದಾರೆ, ಸ್ಕೌಟ್, ಗೈಡ್ ಹಂತ ದಾಟಿ ಕಾಲೇಜಿಗೆ ಹೋಗುವ ರೋವರ್‌ಗಳು, ರೇಂಜರ್‌ಗಳು ಇದ್ದಾರೆ. ಶಿಕ್ಷಕಿಯ ಪಕ್ಕ ಇವರು ನಿಲ್ಲಬಹುದು.

ಖರ್ಚಿನ ಮಾತನ್ನೂ ಹೇಳಿಬಿಡಬೇಕು. ಕೂಲಿ ಮಾಡುವ ತಂದೆತಾಯಿಗೆ ಇನ್ನೊಂದು ಜೊತೆ ಬಟ್ಟೆ, ಟೋಪಿ, ಸ್ಕಾರ್ಫ್ ಹೊರೆಯೇ. ಸಮವಸ್ತ್ರ ಇಲ್ಲ ಎಂದು ಮಗುವನ್ನು ಬಳಗದಿಂದ ಹೊರಗೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಗಂಟೆಯ ಸಭೆಗೆ ಏನು ಬೇಕು? ಒಂದು ಮಾರು ಹಗ್ಗ. ಒಂದು ಚೆಂಡು. ತಟ್ಟೆಯ ಮೇಲೆ ಇಡಲು ಮನೆಯ ಚಿಲ್ಲರೆ ಸಾಮಾನು. ತೆಂಗಿನ ಚಿಪ್ಪಿನಲ್ಲಿ ಹಾಕಲು ನಾಲ್ಕು ಹೆಸರುಕಾಳು, ಮೊಳಕೆ ಬರುವುದನ್ನು ನೋಡಲು. ನಿಲ್ಲಲು ಒಂದಿಷ್ಟು ನೆಲ. ಸ್ಕಾರ್ಫ್ ಮುಂದಿನ ವರ್ಷ ಬರಲಿ. ಆರು ಮಕ್ಕಳು ಇವತ್ತೇ ಕೂರಲಿ.

ಕೊನೆಯದಾಗಿ ದಿನಕ್ಕೊಂದು ಒಳ್ಳೆಯ ಕೆಲಸದ ಮಾತು. ಪ್ರತಿಜ್ಞೆಯಲ್ಲಿ ಇದು ಬಂದದ್ದು ನೆನಪಿರಬಹುದು. ಇದರ ಜೊತೆ ಒಂದು ಹಳೆಯ ರೂಢಿ ಇದೆ. ಬೆಳಿಗ್ಗೆ ಸ್ಕಾರ್ಫಿನ ತುದಿಗೆ ಒಂದು ಸಣ್ಣ ಗಂಟು ಹಾಕಿಕೊಳ್ಳುವುದು. ಆ ದಿನದ ಒಳ್ಳೆಯ ಕೆಲಸ ಆದ ಮೇಲೆ ಬಿಚ್ಚುವುದು. ನಮ್ಮ ಅಜ್ಜಿಯಂದಿರು ಏನಾದರೂ ಮರೆಯಬಾರದೆಂದರೆ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರಲ್ಲ, ಹಾಗೆಯೇ. ಕೆಲಸ ದೊಡ್ಡದಾಗಿರಬೇಕಿಲ್ಲ. ಹರಿಯುತ್ತಿರುವ ನಲ್ಲಿ ನಿಲ್ಲಿಸಿದರೂ ಆಯಿತು, ತಂಗಿಯ ಚಪ್ಪಲಿ ಹುಡುಕಿಕೊಟ್ಟರೂ ಆಯಿತು. ದೊಡ್ಡವರಿಗೆ ಹೇಳಿಕೊಳ್ಳಬೇಕಾಗಿಲ್ಲ. ಗಂಟು ಬಿಚ್ಚಿದ್ದು ಮಗುವಿಗೆ ಗೊತ್ತು, ಅಷ್ಟೇ. ಹತ್ತು ತುಂಬುವ ಹೊತ್ತಿಗೆ ಆ ಮಗು ಪ್ಯಾಕ್ ಬಿಟ್ಟು ಸ್ಕೌಟ್ ದಳಕ್ಕೆ ಹೋಗುತ್ತದೆ. ಅದಕ್ಕೂ ಒಂದು ಪುಟ್ಟ ಸಮಾರಂಭ. ಸಿಕ್ಸರ್ ತನ್ನ ಐವರಿಗೂ ವಿದಾಯ ಹೇಳಿ, ವೃತ್ತದಿಂದ ಹೊರಗೆ ಹೆಜ್ಜೆ ಇಡುತ್ತಾನೆ. ಆಚೆ ದೊಡ್ಡ ಹುಡುಗರು ಕಾದು ನಿಂತಿರುತ್ತಾರೆ. ನಾಳೆಯಿಂದ ಅಲ್ಲಿ ಅವನೇ ಎಲ್ಲರಿಗಿಂತ ಚಿಕ್ಕವನು. ಇತ್ತ ವೃತ್ತದಲ್ಲಿ ಸಹಾಯಕನಾಗಿದ್ದವನು ಒಂದು ಹೆಜ್ಜೆ ಸರಿದು ಅವನ ಜಾಗಕ್ಕೆ ಬರುತ್ತಾನೆ.

ನಿಮ್ಮ ಮನೆಯಲ್ಲಿ ಕಬ್ ಅಥವಾ ಬುಲ್‌ಬುಲ್ ಇದ್ದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿ. ಯಾವ ಬ್ಯಾಡ್ಜ್ ಬಂತು ಎಂದು ಕೇಳಬೇಡಿ. ನಿನ್ನ ಸಿಕ್ಸಿನಲ್ಲಿ ಉಳಿದ ಐವರು ಯಾರು ಎಂದು ಕೇಳಿ. ಮಗು ಬೆರಳು ಮಡಿಸುತ್ತ ಐದು ಹೆಸರು ಹೇಳಿ, ಅವರಲ್ಲಿ ಒಬ್ಬ ಈ ವಾರ ಏಕೆ ಬಂದಿರಲಿಲ್ಲ ಎಂಬುದನ್ನೂ ಹೇಳಿತೆಂದರೆ ನಿಮ್ಮ ಶಾಲೆಯ ಪ್ಯಾಕ್ ಚೆನ್ನಾಗಿ ನಡೆಯುತ್ತಿದೆ. ಹೇಳಲು ತಿಳಿಯದಿದ್ದರೆ ಮುಂದಿನ ವಾರ ಸಂಜೆ ಒಂದು ಗಂಟೆ ಬಿಡುವು ಮಾಡಿಕೊಂಡು ಶಾಲೆಯ ಕಡೆ ಹೋಗಿ ಬನ್ನಿ. ಹೋಗುವಾಗ ಒಂದು ಮಾರು ಹಗ್ಗ ಹಿಡಿದುಕೊಂಡು ಹೋಗಿ.